ವಿದ್ಯಾರ್ಥಿವೇತನದಿಂದ ವಿಮಾನ ದುರಸ್ತಿಯ ಶಾಲೆಗೆ

ಪಾಠದ ಉದ್ದೇಶ

ಈ ಪಾಠವು ಏಳನೆಯ ಮತ್ತು ಎಂಟನೆಯ ತರಗತಿಗಳ ಶಿಕ್ಷಕರಿಗಾಗಿ ಸಿದ್ಧವಾದುದು. ವಿದ್ಯಾರ್ಥಿವೇತನವು ಸಾಮಾನ್ಯ ಕುಟುಂಬದ ವಿದ್ಯಾರ್ಥಿಯೊಬ್ಬನನ್ನು ವಿಮಾನ ನಿರ್ವಹಣೆಯ ಕೆಲಸದವರೆಗೆ ಹೇಗೆ ತಲುಪಿಸಿತು, ಆ ಹಾದಿಯಲ್ಲಿ ವಿದ್ಯಾರ್ಥಿವೇತನದಿಂದಲೂ ತುಂಬಲಾಗದ ಅಂತರ ಯಾವುದಿತ್ತು, ಅಂಥ ಅಂತರವನ್ನು ತುಂಬುವಲ್ಲಿ ಶಿಕ್ಷಕರ ಪಾತ್ರವೇನು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಪೀಠಿಕೆ

ವಾಸ್ಕೋ, ಬೈನಾ, ಝುವಾರಿನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೆ ವಿಮಾನದ ಸದ್ದು ಹೊಸತಲ್ಲ. ದಾಬೋಳಿಯಲ್ಲಿ ಇಳಿಯುವ, ಏರುವ ವಿಮಾನಗಳನ್ನು ಅವರು ದಿನವೂ ನೋಡುತ್ತಾರೆ. ಅಲ್ಲಿಯೇ ನೌಕಾಪಡೆಯ ಐ.ಎನ್.ಎಸ್. ಹಂಸ ನೆಲೆಯಿದೆ, ನೌಕಾಪಡೆಯ ವಿಮಾನಗಳನ್ನು ದುರಸ್ತಿ ಮಾಡುವ ಕಾರ್ಯಾಗಾರವೂ ಗೋವೆಯಲ್ಲಿಯೇ ಇದೆ. 2023ರ ಜನವರಿಯಿಂದ ಮೋಪಾದಲ್ಲಿ ಎರಡನೆಯ ನಾಗರಿಕ ವಿಮಾನ ನಿಲ್ದಾಣವೂ ಕೆಲಸ ಮಾಡುತ್ತಿದೆ. ಆದರೆ ಮುಂದೆ ಏನಾಗುವಿರಿ ಎಂದು ಕೇಳಿದರೆ ಮಕ್ಕಳು ವಿಮಾನ ಹಾರಿಸುವವರನ್ನು ಹೆಸರಿಸುತ್ತಾರೆಯೇ ಹೊರತು, ವಿಮಾನವು ಹಾರಲು ಯೋಗ್ಯವೆಂದು ಸಹಿ ಮಾಡುವವರನ್ನು ಹೆಸರಿಸುವುದು ಅಪರೂಪ. ಕಣ್ಣೆದುರಿಗಿದ್ದೂ ಕಾಣದ ಈ ವೃತ್ತಿಯನ್ನು ಪರಿಚಯಿಸಲು ಎಲ್ಲರೂ ಬಲ್ಲ ಒಬ್ಬ ಮಹನೀಯರ ಜೀವನದ ಒಂದು ಭಾಗವನ್ನು ಆರಿಸಿಕೊಳ್ಳಲಾಗಿದೆ.

ಪಾಠ ವಿಸ್ತರಣೆ

ಎ.ಪಿ.ಜೆ. ಅಬ್ದುಲ್ ಕಲಾಂ ಅವರು 1931ರ ಅಕ್ಟೋಬರ್ 15ರಂದು ರಾಮೇಶ್ವರದಲ್ಲಿ ಜನಿಸಿದರು. ತಿರುಚಿರಾಪಳ್ಳಿಯ ಸಂತ ಜೋಸೆಫ್ ಕಾಲೇಜಿನಲ್ಲಿ ಭೌತವಿಜ್ಞಾನದ ಪದವಿ ಮುಗಿಸಿದ ಬಳಿಕ ಅವರು ಮದ್ರಾಸ್ ತಂತ್ರಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ಆಯ್ಕೆಯಾದವರ ಪಟ್ಟಿಯಲ್ಲಿ ಅವರ ಹೆಸರಿತ್ತು. ಆದರೆ ಪ್ರವೇಶಕ್ಕೆ ಸುಮಾರು 1,000 ರೂಪಾಯಿ ಬೇಕಾಗಿತ್ತು. ಅಷ್ಟು ಹಣವನ್ನು ಒದಗಿಸುವ ಶಕ್ತಿ ಅವರ ತಂದೆಗೆ ಇರಲಿಲ್ಲ. ಆಗ ಅಕ್ಕ ಜೊಹರಾ ತಮ್ಮ ಚಿನ್ನದ ಬಳೆ ಮತ್ತು ಸರವನ್ನು ಅಡವಿಟ್ಟು ಹಣ ಹೊಂದಿಸಿಕೊಟ್ಟರು. ತನ್ನ ದುಡಿಮೆಯಿಂದಲೇ ಆ ಒಡವೆಗಳನ್ನು ಬಿಡಿಸಿಕೊಡಬೇಕೆಂದು ಕಲಾಂ ನಿಶ್ಚಯಿಸಿದರು. ಹಣ ಗಳಿಸಲು ಆಗ ಅವರ ಮುಂದಿದ್ದ ದಾರಿಯೆಂದರೆ ಚೆನ್ನಾಗಿ ಓದಿ ವಿದ್ಯಾರ್ಥಿವೇತನವನ್ನು ಪಡೆಯುವುದು. ಅದನ್ನು ಅವರು ಪಡೆದರು.

ಸಂಸ್ಥೆಯ ಆವರಣದಲ್ಲಿ ಸೇವೆಯಿಂದ ನಿವೃತ್ತವಾದ ಎರಡು ವಿಮಾನಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಉಳಿದ ವಿದ್ಯಾರ್ಥಿಗಳು ವಸತಿಗೃಹಕ್ಕೆ ಮರಳಿದ ಮೇಲೂ ಕಲಾಂ ಅವುಗಳ ಬಳಿ ಬಹಳ ಹೊತ್ತು ಕುಳಿತಿರುತ್ತಿದ್ದರು. ಮೊದಲ ವರ್ಷದ ಕೊನೆಯಲ್ಲಿ ಅವರು ವೈಮಾನಿಕ ಎಂಜಿನಿಯರಿಂಗ್ ವಿಭಾಗವನ್ನು ಆರಿಸಿಕೊಂಡರು.

ವಿದ್ಯಾರ್ಥಿವೇತನವು ಒಮ್ಮೆ ದೊರೆತರೆ ಮುಗಿಯಿತೆಂದು ತಿಳಿಯಲಾಗದು. ಕೊನೆಯ ಹಂತದಲ್ಲಿ ಕಲಾಂ ಅವರಿಗೆ ನಾಲ್ವರು ಸಹಪಾಠಿಗಳೊಂದಿಗೆ ಒಂದು ಯುದ್ಧವಿಮಾನದ ವಿನ್ಯಾಸವನ್ನು ರಚಿಸುವ ಕೆಲಸ ಬಂದಿತು. ಕೆಲಸದ ಪ್ರಗತಿ ಸಾಲದೆಂದು ನಿರ್ದೇಶಕರಾದ ಪ್ರೊಫೆಸರ್ ಶ್ರೀನಿವಾಸನ್ ಅಸಮಾಧಾನಗೊಂಡರು. ಕಲಾಂ ಒಂದು ತಿಂಗಳ ಅವಧಿ ಕೇಳಿದರು. ದೊರೆತದ್ದು ಮೂರು ದಿನ. ಅಷ್ಟರೊಳಗೆ ನಕ್ಷೆ ಸಿದ್ಧವಾಗದಿದ್ದರೆ ವಿದ್ಯಾರ್ಥಿವೇತನ ನಿಲ್ಲುವುದೆಂಬ ಎಚ್ಚರಿಕೆಯೂ ಬಂದಿತು. ವಿದ್ಯಾರ್ಥಿವೇತನ ನಿಂತರೆ ಓದು ನಿಲ್ಲುವ ಸ್ಥಿತಿ. ರಾತ್ರಿಯೂಟವನ್ನೂ ಬಿಟ್ಟು ನಕ್ಷೆಯ ಹಲಗೆಯ ಮುಂದೆ ದುಡಿದ ಶಿಷ್ಯನ ಕೆಲಸವನ್ನು ಗುರುಗಳು ತಾವಾಗಿಯೇ ಬಂದು ನೋಡಿ ಮೆಚ್ಚಿದರು.

ಶಿಕ್ಷಣ ಮುಗಿಸಿದ ಕಲಾಂ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಗೆ ತರಬೇತಿಗಾಗಿ ಬಂದರು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದೊಂದಿಗೆ ಸ್ಥಾಪಿಸಿದ ಸಂಸ್ಥೆಯಿದು. ಇಲ್ಲಿ ಕಲಾಂ ತಂಡವೊಂದರ ಸದಸ್ಯರಾಗಿ ವಿಮಾನದ ಎಂಜಿನುಗಳನ್ನು ಬಿಚ್ಚಿ, ಪರೀಕ್ಷಿಸಿ, ಮರಳಿ ಜೋಡಿಸುವ ಕೆಲಸ ಮಾಡಿದರು. ಪುಸ್ತಕದಲ್ಲಿ ಓದಿದ ತತ್ತ್ವವು ಕೈಗೆ ಸಿಕ್ಕಾಗ ಮೂಡುವ ಅರಿವೇ ಬೇರೆಯೆಂಬುದನ್ನು ಅವರು ಅಲ್ಲಿ ಕಂಡುಕೊಂಡರು. 1958ರಲ್ಲಿ ಸರ್ಕಾರಿ ಸೇವೆಗೆ ಸೇರಿದ ಬಳಿಕ ವಿಮಾನ ನಿರ್ವಹಣೆಯ ಅನುಭವಕ್ಕಾಗಿಯೇ ಅವರನ್ನು ಕಾನ್ಪುರದ ಪರೀಕ್ಷಾ ಘಟಕಕ್ಕೆ ಕಳುಹಿಸಲಾಯಿತು. ಮುಂದೆ ಅವರು ರಾಕೆಟ್ಟು, ಕ್ಷಿಪಣಿಗಳತ್ತ ನಡೆದರು. ಆದರೆ ವೃತ್ತಿಜೀವನದ ಮೊದಲ ಮೆಟ್ಟಿಲು ದುರಸ್ತಿಯ ಕಾರ್ಯಾಗಾರದಲ್ಲಿತ್ತು.

ಶಿಕ್ಷಕರು ಗಮನಿಸಬೇಕಾದ ಅಂಶ

ಈ ಕಥನದಲ್ಲಿ ಆಯ್ಕೆಯ ಪಟ್ಟಿ ಪ್ರಕಟವಾದ ದಿನ ಮತ್ತು ವಿದ್ಯಾರ್ಥಿವೇತನ ಕೈಸೇರಿದ ದಿನ ಬೇರೆ ಬೇರೆ. ಇವೆರಡರ ನಡುವಿನ ಅಂತರವನ್ನು ತುಂಬಿದ್ದು ಅಕ್ಕನ ಒಡವೆ. ಪ್ರತಿಭೆಯಿದ್ದೂ ಮಕ್ಕಳು ಹಿಂದೆ ಸರಿಯುವುದು ಹೆಚ್ಚಾಗಿ ಈ ಅಂತರದಲ್ಲಿಯೇ. ಅಡವಿಡಲು ಒಡವೆಯಿಲ್ಲದ ಮನೆಯ ಮಗುವಿಗೆ ಈ ಅಂತರವನ್ನು ಮುಂಚಿತವಾಗಿ ತುಂಬಿಕೊಳ್ಳುವ ಒಂದು ಉಪಾಯವು ಎಂಟನೆಯ ತರಗತಿಯಲ್ಲಿ ದೊರೆಯುತ್ತದೆ.

2008ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ರಾಷ್ಟ್ರೀಯ ಆದಾಯ ಮತ್ತು ಅರ್ಹತೆಯಾಧಾರಿತ ವಿದ್ಯಾರ್ಥಿವೇತನ ಯೋಜನೆಯಡಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ಓದುವ, ಪಾಲಕರ ವಾರ್ಷಿಕ ಆದಾಯ 3,50,000 ರೂಪಾಯಿಗಿಂತ ಹೆಚ್ಚಿಲ್ಲದ ಮಕ್ಕಳು ಇದಕ್ಕೆ ಅರ್ಹರು. ಏಳನೆಯ ತರಗತಿಯಲ್ಲಿ ಶೇಕಡಾ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡಾ 5ರ ರಿಯಾಯಿತಿಯಿದೆ. ಎಂಟನೆಯ ತರಗತಿಯಲ್ಲಿ ಆಯ್ಕೆ ಪರೀಕ್ಷೆ ನಡೆಯುತ್ತದೆ. ನಾಲ್ಕು ವರ್ಷಗಳ ಮೊತ್ತ 48,000 ರೂಪಾಯಿ. ಅದರಲ್ಲೊಂದು ಪಾಲನ್ನು ಉಳಿಸಿಟ್ಟರೂ ಮುಂದಿನ ಪ್ರವೇಶದ ದಿನ ಅದು ಆಸರೆಯಾದೀತು.

ದುಡಿಮೆಗಾಗಿ ಊರು ಬಿಟ್ಟು ಬಂದ ಕುಟುಂಬಗಳ ಮಕ್ಕಳ ಹೆಸರು ಶಾಲೆಯ ದಾಖಲೆಯಲ್ಲೊಂದು ಬಗೆ, ಆಧಾರ್ ಚೀಟಿಯಲ್ಲೊಂದು ಬಗೆ, ಬ್ಯಾಂಕಿನ ಪುಸ್ತಕದಲ್ಲಿ ಮತ್ತೊಂದು ಬಗೆಯಾಗಿರುವುದುಂಟು. ಹಣವು ನೇರವಾಗಿ ಮಗುವಿನ ಖಾತೆಗೆ ಜಮೆಯಾಗುವುದರಿಂದ ಈ ವ್ಯತ್ಯಾಸಗಳನ್ನು ಏಳನೆಯ ತರಗತಿಯಲ್ಲಿಯೇ ಸರಿಪಡಿಸುವುದು ಒಳಿತು. ಆದಾಯದ ಪ್ರಮಾಣಪತ್ರದ ವಿಷಯವನ್ನೂ ಪಾಲಕರಿಗೆ ಆಗಲೇ ತಿಳಿಸತಕ್ಕದ್ದು. ಕಲಾಂ ಅವರಿಗಿದ್ದಂತೆ ಇಲ್ಲಿಯೂ ಷರತ್ತುಗಳಿವೆ: ಹತ್ತನೆಯ ತರಗತಿಯಲ್ಲಿ ಶೇಕಡಾ 60 ಅಂಕ ಬಂದರೆ ಮಾತ್ರ ವಿದ್ಯಾರ್ಥಿವೇತನ ಮುಂದುವರಿಯುತ್ತದೆ, ಪರಿಶಿಷ್ಟರಿಗೆ ಶೇಕಡಾ 55.

ವೃತ್ತಿಯ ಹಾದಿ

ಇಂದು ನಾಗರಿಕ ವಿಮಾನಗಳ ನಿರ್ವಹಣೆಯ ಪರವಾನಗಿಯನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನೀಡುತ್ತದೆ. ಹನ್ನೆರಡನೆಯ ತರಗತಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಓದಿದವರು ಮಾನ್ಯತೆ ಪಡೆದ ತರಬೇತಿ ಸಂಸ್ಥೆಗಳಿಗೆ ಸೇರಬಹುದು. ಪರವಾನಗಿಯ ಪ್ರತಿಯೊಂದು ಪತ್ರಿಕೆಯಲ್ಲೂ ಉತ್ತೀರ್ಣತೆಗೆ ಶೇಕಡಾ 75 ಅಂಕ ಬೇಕು. ಜೊತೆಗೆ ಕಾರ್ಯಾಗಾರದ ಅನುಭವವೂ ಬೇಕು. ಪರೀಕ್ಷೆ ಮತ್ತು ಕೈಪಿಡಿಗಳು ಇಂಗ್ಲಿಷಿನಲ್ಲಿವೆ. ಆದುದರಿಂದ ಕನ್ನಡದಲ್ಲಿ ವಿಜ್ಞಾನದ ತತ್ತ್ವವನ್ನು ಗಟ್ಟಿಯಾಗಿ ಗ್ರಹಿಸಿದ ಮಗುವಿಗೆ ಅದೇ ಪಾರಿಭಾಷಿಕ ಪದದ ಇಂಗ್ಲಿಷ್ ರೂಪವನ್ನೂ ಆಗಾಗ ಪರಿಚಯಿಸುವುದು ಉಪಯುಕ್ತ.

ತರಗತಿ ಚಟುವಟಿಕೆ

1990ರ ಜೂನ್ 10ರಂದು ಬ್ರಿಟನ್ನಿನ ಪ್ರಯಾಣಿಕ ವಿಮಾನವೊಂದರ ಮುಂಗಾಜು ಹಾರಾಟದ ನಡುವೆ ಕಿತ್ತುಹೋಯಿತು. ಮುಖ್ಯ ಚಾಲಕರ ದೇಹದ ಅರ್ಧಭಾಗ ಹೊರಗೆ ಸೆಳೆಯಲ್ಪಟ್ಟರೂ ಸಿಬ್ಬಂದಿ ಹಿಡಿದಿಟ್ಟುಕೊಂಡಿದ್ದರಿಂದ ಅವರು ಬದುಕುಳಿದರು. ಗಾಜನ್ನು ಬದಲಿಸಿದಾಗ ಹಾಕಿದ 90 ಬೋಲ್ಟುಗಳಲ್ಲಿ 84ರ ವ್ಯಾಸ 0.026 ಅಂಗುಲದಷ್ಟು ಕಡಿಮೆಯಿತ್ತು. ಕೈಪಿಡಿಯ ಪಟ್ಟಿಯನ್ನು ನೋಡದೆ ಕಣ್ಣಳತೆಯಿಂದ ಅವನ್ನು ಆರಿಸಲಾಗಿತ್ತು.

1. 0.026 ಅಂಗುಲ ಎಷ್ಟು ಮಿಲಿಮೀಟರ್ ಎಂದು ಮಕ್ಕಳಿಂದ ಲೆಕ್ಕ ಮಾಡಿಸಿರಿ. (ಉತ್ತರ: ಸುಮಾರು 0.66 ಮಿ.ಮೀ.)
2. ಬಹುತೇಕ ಒಂದೇ ಗಾತ್ರದ ಕೆಲವು ಬೋಲ್ಟುಗಳನ್ನು ಮೊದಲು ಕಣ್ಣಳತೆಯಿಂದ, ಬಳಿಕ ಅಳತೆಪಟ್ಟಿಯಿಂದ ವಿಂಗಡಿಸಲು ಹೇಳಿರಿ.

ಚರ್ಚೆಗೆ ಪ್ರಶ್ನೆಗಳು

1. ಅಕ್ಕನ ನೆರವು, ವಿದ್ಯಾರ್ಥಿವೇತನ, ಗುರುವಿನ ಎಚ್ಚರಿಕೆ: ಇವುಗಳಲ್ಲಿ ಒಂದು ಇಲ್ಲದಿದ್ದರೆ ಕಲಾಂ ಅವರ ಓದು ಎಲ್ಲಿ ನಿಲ್ಲುತ್ತಿತ್ತು?
2. ನಮ್ಮ ಶಾಲೆಯ ಏಳನೆಯ ತರಗತಿಯಲ್ಲಿ ಈ ಪರೀಕ್ಷೆಗೆ ಅರ್ಹರಾಗುವ ಮಕ್ಕಳು ಯಾರು? ಅವರಲ್ಲಿ ಯಾರ ದಾಖಲೆಗಳು ಇನ್ನೂ ಸಿದ್ಧವಾಗಿಲ್ಲ?

ಎರಡನೆಯ ಪ್ರಶ್ನೆಯ ಉತ್ತರವನ್ನು ಶಿಕ್ಷಕರು ಪಟ್ಟಿಮಾಡಿ, ಮುಂದಿನ ಪಾಲಕರ ಸಭೆಗೆ ಮುಂಚಿತವಾಗಿ ಮುಖ್ಯೋಪಾಧ್ಯಾಯರಿಗೆ ಒಪ್ಪಿಸುವುದು.