‘ಇನ್‌ಹೆರಿಟ್’ ಎಂದರೇನು?

ಇಂಗ್ಲಿಷ್ ಬೈಬಲ್ ಓದುವ ನಿಮ್ಮ ಮಕ್ಕಳು ‘ಇನ್‌ಹೆರಿಟ್’ ಎಂಬ ಕ್ರಿಯಾಪದದ ಅರ್ಥ ಕೇಳಿದರೆ ‘ಆಸ್ತಿ ಪಡೆಯುವುದು’ ಎಂದುಬಿಡುತ್ತೀರಿ. ಅಷ್ಟು ಸಾಲದು. ದುಡಿದರೂ, ಕೊಂಡರೂ ಆಸ್ತಿ ಬರುತ್ತದೆ. ಅದಕ್ಕೆ ಈ ಪದ ಸಲ್ಲದು. ವಾರಸುದಾರ ಎಂಬರ್ಥದ ಲ್ಯಾಟಿನ್ ಪದ ‘ಹೇರೆಸ್’ ಇದರ ಮೂಲ. ಅಜ್ಜಿಯ ಕಣ್ಣಿನ ಬಣ್ಣ ಮೊಮ್ಮಗಳಿಗೆ ಬಂದರೂ ಇದೇ ಪದ. ಹಿಂದಿನ ಅಧಿಕಾರಿಯ ತಲೆನೋವು ಹೊಸಬನ ಪಾಲಿಗೆ ಬಂದರೂ ಇದೇ ಪದ. (ವರ್ಗವಾಗಿ ಹೊಸ ಧರ್ಮಕೇಂದ್ರಕ್ಕೆ ಬರುವ ಗುರುಗಳಿಗೆ ಈ ಅರ್ಥ ಬೇಗ ತಿಳಿಯುತ್ತದೆ!)

ಶುಭಸಂದೇಶದ ಗ್ರೀಕ್ ಮೂಲದಲ್ಲಿ ಈ ಜಾಗದಲ್ಲಿರುವ ಪದದೊಳಗೆ ‘ಕ್ಲೆರೊಸ್’ ಎಂಬ ಮಾತು ಅಡಗಿದೆ. ಹಾಗೆಂದರೆ ಚೀಟಿ, ಚೀಟಿ ಎತ್ತಿ ಬಂದ ಪಾಲು. ಯೆಹೋಶುವನ ಕಾಲದಲ್ಲಿ ಇಸ್ರಯೇಲರಿಗೆ ನಾಡು ಹಂಚಿದ್ದು ಹೀಗೆಯೇ. ಈಗ ಸಂತ ಮಾರ್ಕನ ಹತ್ತನೆಯ ಅಧ್ಯಾಯ ತೆಗೆಯಿರಿ. ನಿತ್ಯಜೀವಕ್ಕೆ ಬಾಧ್ಯನಾಗಲು ತಾನೇನು ಮಾಡಬೇಕೆಂದು ಧನಿಕನೊಬ್ಬ ಕೇಳುತ್ತಾನೆ. ಪ್ರಶ್ನೆಯಲ್ಲೇ ತೊಡಕಿದೆ. ಮಗನಾದವನು ಏನು ಮಾಡಿ ಬಾಧ್ಯನಾದಾನು? ಮಕ್ಕಳಾದ್ದರಿಂದಲೇ ಬಾಧ್ಯರು ಎನ್ನುತ್ತಾರೆ ಸಂತ ಪೌಲರು, ರೋಮನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ. ಯೇಸುಸ್ವಾಮಿ ಆ ಧನಿಕನಿಗೆ ಕೈಯಲ್ಲಿದ್ದುದನ್ನು ಬಡವರಿಗೆ ಕೊಟ್ಟು ತಮ್ಮೊಡನೆ ಬರಹೇಳಿದರು. ಆತ ಮುಖ ಸಪ್ಪಗೆ ಮಾಡಿಕೊಂಡು ಹೊರಟುಹೋದ.

ಮಕ್ಕಳಾದ್ದರಿಂದ ಬಾಧ್ಯರು ಎಂಬ ಮಾತು ಹೆಣ್ಣುಮಕ್ಕಳಿಗೂ ಸಲ್ಲುತ್ತದೆಯೇ? ಗಂಡುಮಕ್ಕಳಿಲ್ಲದೆ ತೀರಿಕೊಂಡ ಚಲ್ಪಹಾದನ ಐವರು ಪುತ್ರಿಯರು ಮೋಶೆಯ ಮುಂದೆ ನಿಂತು ತಂದೆಯ ಪಾಲು ಕೇಳಿದರು. ಅವರ ಮಾತು ನ್ಯಾಯವೆಂದು ಸರ್ವೇಶ್ವರನೇ ತೀರ್ಪಿತ್ತನೆಂದು ಸಂಖ್ಯಾಕಾಂಡ ಹೇಳುತ್ತದೆ. ಆದರೂ ತಿರುವಾಂಕೂರಿನ 1916ರ ಕ್ರೈಸ್ತ ಉತ್ತರಾಧಿಕಾರ ಕಾನೂನು, ಮರಣಶಾಸನ ಬರೆಯದೆ ತಂದೆ ತೀರಿಕೊಂಡರೆ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟೇ ಎಂದಿತ್ತು. ಕೇರಳದ ಮೇರಿ ರಾಯ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಅಲ್ಲಿಯೂ ಅನ್ವಯವೆಂದು 1986ರಲ್ಲಿ ತೀರ್ಪಾಯಿತು. ಆ ಕಾಯ್ದೆಯಂತೆ ಮರಣಶಾಸನವಿಲ್ಲದಿದ್ದರೆ ಕ್ರೈಸ್ತ ತಂದೆಯ ಆಸ್ತಿಯಲ್ಲಿ ವಿಧವೆಗೆ ಮೂರನೆಯ ಒಂದು ಭಾಗ. ಉಳಿದುದು ಗಂಡು, ಹೆಣ್ಣು ಮಕ್ಕಳಿಗೆ ಸಮಪಾಲು.

ಮದುವೆಯ ಖರ್ಚೇ ಆಕೆಯ ಪಾಲು ಎನ್ನುವವರು ಈಗಲೂ ಇದ್ದಾರೆ. ತವರು ತಪ್ಪೀತೆಂಬ ಅಂಜಿಕೆಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ತಂಗಿಯರೂ ಇದ್ದಾರೆ. ಸಂತೋಷದಿಂದ ಬಿಟ್ಟುಕೊಟ್ಟರೆ ಅದು ದಾನ. ಅಂಜಿ ಕೊಟ್ಟದ್ದು ದಾನವಲ್ಲ. ಅಣ್ಣಂದಿರೇ, ಸಹಿ ಹಾಕಿಸುವ ಮೊದಲು ಆ ಕಾಗದವನ್ನು ತಂಗಿಯ ಮನೆಗೇ ಒಯ್ದು ಪೂರ್ತಿ ಓದಿ ಹೇಳಿ. ಒಂದು ತಿಂಗಳು ಅದು ಅವಳ ಬಳಿಯೇ ಇರಲಿ.