ಸೇನೆಯ ಖಾಲಿ ತೋಟಾ: ಮತ್ತೆ ತುಂಬುವ ಮುನ್ನ

ಅಮೆರಿಕದಲ್ಲಿ ಗುರಿ ಹೊಡೆಯುವ ಹವ್ಯಾಸವಿರುವ ಅನೇಕರು ತಮ್ಮ ರೈಫಲ್‌ಗೆ ಬೇಕಾದ ತೋಟಾಗಳನ್ನು ಮನೆಯಲ್ಲೇ ಕಟ್ಟಿಕೊಳ್ಳುತ್ತಾರೆ. ಸ್ವಂತ ಬಳಕೆಗಾದರೆ ಅಲ್ಲಿನ ಫೆಡರಲ್ ಕಾನೂನು ಇದಕ್ಕೆ ಪರವಾನಗಿ ಕೇಳುವುದಿಲ್ಲ, ಮಾರುವುದಾದರೆ ಕೇಳುತ್ತದೆ. ರಾಜ್ಯಗಳ ನಿಯಮ ಬೇರೆ ಇರಬಹುದು, ಅದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಅಲ್ಲಿ ನೆಲೆಸಿ ಈ ಹವ್ಯಾಸಕ್ಕೆ ಇಳಿದಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಮಾಹಿತಿ ಇದು.

ಗುಂಡು, ಮದ್ದು, ಪ್ರೈಮರ್ ಮೂರೂ ಒಂದೇ ಹೊಡೆತಕ್ಕೆ ಮುಗಿಯುತ್ತವೆ. ಉಳಿಯುವುದು ಹಿತ್ತಾಳೆಯ ಕೇಸ್ ಮಾತ್ರ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು ಬೆರೆತ ಈ ಕೇಸನ್ನು ಜೋಪಾನ ಮಾಡಿದರೆ ಹಲವು ಸಲ ತುಂಬಬಹುದು. ಸೇನೆ ಬಳಸಿ ಬಿಟ್ಟ ಕೇಸ್‌ಗಳು ಅಗ್ಗ, ಗಟ್ಟಿಮುಟ್ಟು ಕೂಡ. ತೊಡಕು ಒಂದೇ: ಅವು ಯಾವ ಬಂದೂಕಿನಿಂದ ಸಿಡಿದು ಬಂದವು ಎಂಬುದು ನಮಗೆ ಗೊತ್ತಿರುವುದಿಲ್ಲ. ಹಾಗಾಗಿ ಈ ಕೆಲಸದಲ್ಲಿ ಕೈಗಿಂತ ಕಣ್ಣಿಗೇ ಹೆಚ್ಚು ದುಡಿಮೆ. ಆರಿಸುವ ಹಂತದಲ್ಲಿ ಆತುರಪಟ್ಟವರು ಮುಂದೆ ಎಷ್ಟೇ ಒಳ್ಳೆಯ ಉಪಕರಣ ಕೊಂಡರೂ ಪ್ರಯೋಜನವಿಲ್ಲ.

ಆರಿಸುವುದು

ರಾಶಿಯನ್ನು ಒಳ್ಳೆಯ ಬೆಳಕಿನಲ್ಲಿ ಹರಡಿಕೊಳ್ಳಿ. ಸಿಡಿಯದ ತೋಟಾ ಒಂದಾದರೂ ನುಸುಳಿದೆಯೇ ಎಂದು ಮೊದಲು ನೋಡಬೇಕು. ಸಿಕ್ಕಿದರೆ ಬಿಚ್ಚುವ ಗೊಡವೆಗೆ ಹೋಗದೆ ಫೈರಿಂಗ್ ರೇಂಜಿನ ಅಧಿಕಾರಿಗೆ ಒಪ್ಪಿಸಿ. ಉಕ್ಕಿನ ಕೇಸ್‌ಗಳು ಬೆರೆತಿದ್ದರೆ ಆಯಸ್ಕಾಂತ ಹಿಡಿದರೆ ಸಾಕು, ಬೇರೆಯಾಗುತ್ತವೆ.

ಕೇಸಿನ ಬುಡದಲ್ಲಿ ಅಚ್ಚೊತ್ತಿರುವ ಗುರುತನ್ನು ಓದಿ. ‘ಎಲ್‌ಸಿ’ ಎಂದಿದ್ದರೆ ಅದು ಮಿಸೌರಿಯ ಇಂಡಿಪೆಂಡೆನ್ಸ್ ಬಳಿ 1941ರಲ್ಲಿ ಆರಂಭವಾದ ಲೇಕ್ ಸಿಟಿ ಸೇನಾ ಕಾರ್ಖಾನೆಯದು. ಪಕ್ಕದ ಎರಡು ಅಂಕಿ ತಯಾರಾದ ವರ್ಷ. ವೃತ್ತದೊಳಗೆ ಅಡ್ಡಗೆರೆ, ಉದ್ದಗೆರೆ ಕೂಡಿದ ಚಿಹ್ನೆ ಇದ್ದರೆ ನೇಟೊ ಮಾದರಿ. ಕಾರ್ಖಾನೆ, ವರ್ಷ ಎರಡೂ ಒಂದೇ ಇರುವ ಕೇಸ್‌ಗಳನ್ನು ಒಟ್ಟಿಗೆ ಇಡಿ. ಇವುಗಳ ಗೋಡೆಯ ದಪ್ಪ, ತೂಕ ಹೆಚ್ಚುಕಡಿಮೆ ಒಂದೇ ಇರುತ್ತದೆ.

ಬಾಯಿಯಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ. ತಳದ ನಡುವೆ ಒಂದೇ ತೂತಿದ್ದರೆ ಬಾಕ್ಸರ್ ಮಾದರಿ, ಅದು ನಮಗೆ ಬೇಕಾದದ್ದು. ಎರಡು ಸಣ್ಣ ತೂತುಗಳಿದ್ದರೆ ಬರ್ಡಾನ್ ಮಾದರಿ. ಅದನ್ನು ಸಾಮಾನ್ಯ ಡೈಗೆ ಹಾಕಿದರೆ ಪಿನ್ ಮುರಿಯುತ್ತದೆ, ಪಕ್ಕಕ್ಕಿಡಿ. ಬಾಕ್ಸರ್ ಬ್ರಿಟಿಷ್ ಅಧಿಕಾರಿ, ಬರ್ಡಾನ್ ಅಮೆರಿಕದವನು. ಅಮೆರಿಕದಲ್ಲಿ ನೆಲೆ ನಿಂತದ್ದು ಮಾತ್ರ ಬಾಕ್ಸರ್‌ನ ಪ್ರೈಮರ್.

ಕತ್ತಿನಲ್ಲಿ ಸೀಳು ಕಂಡರೆ ಆ ಕೇಸ್ ಗುಜರಿಗೆ. ಕಣ್ತಪ್ಪುವ ದೋಷ ಬುಡದ ಹತ್ತಿರ ಇರುತ್ತದೆ. ಸಡಿಲವಾದ ಚೇಂಬರಿನಲ್ಲಿ ಸಿಡಿದ ಕೇಸ್ ಉದ್ದಕ್ಕೆ ಜಗ್ಗಿ, ಬುಡದಿಂದ ತುಸು ಮೇಲೆ ಒಳಗೋಡೆ ತೆಳುವಾಗುತ್ತದೆ. ಹೊರಗೆ ಹೊಳೆಯುವ ಸಣ್ಣ ಬಳೆಯಂತೆ ಕಂಡರೂ ಕಾಣಬಹುದು, ಕಾಣದೆಯೂ ಇರಬಹುದು. ಕಾಗದದ ಕ್ಲಿಪ್ಪನ್ನು ನೇರ ಮಾಡಿ, ತುದಿಯನ್ನು ಚಿಕ್ಕ ಕೊಕ್ಕೆಯಾಗಿ ಬಾಗಿಸಿ ಒಳಗೆ ಬಿಡಿ. ತಳ ಮುಟ್ಟಿಸಿ, ಗೋಡೆಗೆ ಒತ್ತಿ ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಕೊಕ್ಕೆ ಒಂದು ಹಳ್ಳಕ್ಕೆ ಇಳಿದು ತಡೆದಂತೆ ಬೆರಳಿಗೆ ತಿಳಿದರೆ ಆ ಕೇಸ್ ಮುಂದಿನ ಹೊಡೆತಕ್ಕೆ ಎರಡು ತುಂಡಾಗುವ ಅಪಾಯವಿದೆ. ಇಂಥದ್ದನ್ನು ಇಕ್ಕಳದಿಂದ ಜಜ್ಜಿಯೇ ಬಿಸಾಡಿ, ಮತ್ತೆ ರಾಶಿಗೆ ಸೇರಬಾರದು.

ಕತ್ತಿನ ಸುತ್ತ ಕಾಣುವ ನೀಲಿ–ಕಂದು ಛಾಯೆ ಕೊಳೆಯಲ್ಲ. ಹಿತ್ತಾಳೆ ಮೆದುವಾಗಲೆಂದು ಕಾರ್ಖಾನೆಯಲ್ಲಿ ಕಾಯಿಸಿದ ಗುರುತು ಅದು. ಉಜ್ಜಿ ತೆಗೆಯುವ ಅಗತ್ಯವಿಲ್ಲ.

ಪ್ರೈಮರ್, ತೊಳೆಯುವುದು, ಕ್ರಿಂಪ್

ಮೆಷಿನ್ ಗನ್ನಿನ ಹೊಡೆತಕ್ಕೆ ಪ್ರೈಮರ್ ಹಿಂದಕ್ಕೆ ಸರಿದು ಯಂತ್ರ ಸಿಕ್ಕಿಹಾಕಿಕೊಳ್ಳದಿರಲಿ ಎಂದು ಸೇನೆಯ ತೋಟಾಗಳಲ್ಲಿ ಪ್ರೈಮರಿನ ಸುತ್ತ ಹಿತ್ತಾಳೆಯನ್ನು ಒತ್ತಿ ಬಿಗಿ ಮಾಡಿರುತ್ತಾರೆ. ಇದೇ ಕ್ರಿಂಪ್. ಸಿಡಿದ ಪ್ರೈಮರನ್ನು ತೆಗೆಯಲು ಗಟ್ಟಿ ಪಿನ್ನಿನ ಪ್ರತ್ಯೇಕ ಡೈ ಬಳಸಿ. ಸಿಡಿಯದ ಪ್ರೈಮರ್ ಇರುವ ಕೇಸನ್ನು ಡೈಗೆ ಹಾಕಲೇಬೇಡಿ.

ಪ್ರೈಮರ್ ತೆಗೆದ ಮೇಲೆ ತೊಳೆದರೆ ಅದರ ಗೂಡೂ ಶುಚಿಯಾಗುತ್ತದೆ. ನೀರು, ಪಾತ್ರೆ ತೊಳೆಯುವ ದ್ರವ, ಚಿಟಿಕೆ ನಿಂಬೆ ಉಪ್ಪು, ಉರುಳುವ ಡ್ರಮ್ಮಿನಲ್ಲಿ ಸ್ಟೀಲ್ ಪಿನ್‌ಗಳು, ಇಷ್ಟು ಸಾಕು. ಅಮೋನಿಯ ಬೆರೆತ ಪಾಲಿಶ್ ಮಾತ್ರ ಹತ್ತಿರವೂ ಸುಳಿಯಬಾರದು. ಬ್ರಿಟಿಷರ ಕಾಲದ ಭಾರತದಲ್ಲಿ, ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸಿದ್ದ ತೋಟಾಗಳು ತಾವಾಗಿಯೇ ಬಿರಿಯುತ್ತಿದ್ದವು. ಕುದುರೆ ಮೂತ್ರದಿಂದ ಏಳುವ ಅಮೋನಿಯವೇ ಕಾರಣ ಎಂಬುದು 1921ರಲ್ಲಿ ಖಚಿತವಾಯಿತು. ಒಳಗೆ ಬಿಗುವು ಉಳಿದಿರುವ ಹಿತ್ತಾಳೆಯನ್ನು ಅಮೋನಿಯ ಸದ್ದಿಲ್ಲದೆ ಸೀಳುತ್ತದೆ.

ಪ್ರೈಮರಿನ ಮಸಿಯಲ್ಲಿ ಸೀಸವಿದೆ. ಅಡುಗೆಮನೆಯ ಸಿಂಕ್, ಪಾತ್ರೆ ಬಳಸಬೇಡಿ. ಕೈಗವಸು ಹಾಕಿ, ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ, ಮಕ್ಕಳನ್ನು ದೂರವಿಡಿ.

ಒಣಗಿದ ಮೇಲೆ ಕ್ರಿಂಪ್ ಬಿಡಿಸಬೇಕು. ಒತ್ತಿ ಬಿಡಿಸುವ ಸ್ವೇಜಿಂಗ್, ಕೆತ್ತಿ ತೆಗೆಯುವ ರೀಮಿಂಗ್ ಎಂಬ ಎರಡು ದಾರಿಗಳಿವೆ. ಹೊಸಬರಿಗೆ ಸ್ವೇಜಿಂಗ್ ವಾಸಿ. ರೀಮರ್ ಆಳಕ್ಕೆ ಹೋದರೆ ಗೂಡು ಸಡಿಲವಾಗಿ ಕೇಸೇ ಹಾಳು. ಮುಂದೆ ಹೊಸ ಪ್ರೈಮರ್ ಕೂರಿಸಿದಾಗ ಅದು ಬುಡದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗೇ ಇರಬೇಕು. ಉಬ್ಬಿ ನಿಂತರೆ ಎಂ1 ಗ್ಯಾರಂಡ್‌ನಂಥ ರೈಫಲ್‌ಗಳಲ್ಲಿ ಬೋಲ್ಟ್ ಪೂರ್ತಿ ಮುಚ್ಚುವ ಮೊದಲೇ ಸಿಡಿಯುವ ಅಪಾಯವಿದೆ.

ಅಳತೆಗೆ ತರುವುದು

ಕೇಸಿಗೆ ಲ್ಯಾನೋಲಿನ್‌ನಂಥ ಜಿಡ್ಡು ತೆಳುವಾಗಿ ಸವರಿ ಸೈಸಿಂಗ್ ಡೈಗೆ ಹಾಕಿ. ಜಿಡ್ಡು ಸಾಲದಿದ್ದರೆ ಕೇಸ್ ಡೈಯೊಳಗೇ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಭುಜದಲ್ಲಿ ತಗ್ಗು ಬೀಳುತ್ತದೆ. ಮೆಷಿನ್ ಗನ್ನಿನಲ್ಲಿ ಸಿಡಿದವು ಹೆಚ್ಚು ಹಿಗ್ಗಿರುವುದರಿಂದ ಮೊದಲ ಸಲಕ್ಕೆ ‘ಸ್ಮಾಲ್ ಬೇಸ್’ ಡೈ ಬೇಕಾಗಬಹುದು. ಭುಜವನ್ನು ಅಗತ್ಯಕ್ಕಿಂತ ಕೆಳಕ್ಕೆ ತಳ್ಳಬೇಡಿ, ಬುಡದ ಮೇಲಿನ ಗೋಡೆ ಅದರಿಂದಲೂ ತೆಳುವಾಗುತ್ತದೆ. ಕೇಸ್ ಗೇಜಿನಲ್ಲಿ ಇಟ್ಟು ನೋಡುತ್ತಿರಿ.

ಸೈಸಿಂಗ್ ಆದ ಮೇಲೆ ಕೇಸ್ ಉದ್ದವಾಗುತ್ತದೆ. .308ಕ್ಕೆ ಗರಿಷ್ಠ 2.015 ಇಂಚು, ಕತ್ತರಿಸಿ ನಿಲ್ಲಿಸುವ ಅಳತೆ 2.005. .223ಕ್ಕೆ 1.760 ಮತ್ತು 1.750. ಉದ್ದ ಮೀರಿದ ಕೇಸಿನ ಬಾಯಿ ಚೇಂಬರಿನ ಕೊನೆಗೆ ಒತ್ತಿ ಗುಂಡನ್ನು ಬಿಗಿಯಾಗಿ ಹಿಡಿಯುತ್ತದೆ, ಒತ್ತಡ ಏರುತ್ತದೆ. ಕತ್ತರಿಸಿದ ಬಾಯಿಯನ್ನು ಒಳಗೂ ಹೊರಗೂ ನಯ ಮಾಡಿ, ಜಿಡ್ಡು ತೊಳೆದು ಒಣಗಿಸಿ.

7.62 ನೇಟೊ ಕೇಸಿನ ಗೋಡೆ ಅಂಗಡಿಯ .308 ಕೇಸಿಗಿಂತ ಸಾಮಾನ್ಯವಾಗಿ ದಪ್ಪ, ಒಳಗಿನ ಜಾಗ ಕಡಿಮೆ. ಅಷ್ಟೇ ಮದ್ದು ಹಾಕಿದರೂ ಒತ್ತಡ ಹೆಚ್ಚುತ್ತದೆ. ಆದ್ದರಿಂದ ಪ್ರಕಟಿತ ಕೈಪಿಡಿಯ ಆರಂಭದ ಪ್ರಮಾಣದಿಂದಲೇ ತೊಡಗಿ. ಪರಿಚಿತರ ಬಾಯಿಮಾತಿನ ಲೆಕ್ಕ ಬೇಡ.

ಊರಿಗೆ ಬರುವವರಿಗೆ ಕೊನೆಯದಾಗಿ ಒಂದು ಮಾತು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ತೋಟಾದ ಬಿಡಿಭಾಗಗಳೂ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತವೆ. ನೆನಪಿಗೆಂದೋ ಕೀಚೈನ್ ಮಾಡಲೆಂದೋ ಒಂದು ಖಾಲಿ ಕೇಸನ್ನೂ ಸೂಟ್‌ಕೇಸಿಗೆ ಹಾಕಿಕೊಳ್ಳಬೇಡಿ. ವಿಮಾನ ಹತ್ತುವ ಮೊದಲು ಶೂಟಿಂಗಿಗೆ ಒಯ್ಯುವ ಚೀಲದ ಎಲ್ಲ ಜೇಬುಗಳನ್ನೂ ಮಗುಚಿ ನೋಡಿ.