ಜೂನ್‌ನಲ್ಲಿ ಶ್ರುತಿ ಹಿಡಿದರೆ ಅಕ್ಟೋಬರ್‌ನಲ್ಲಿ ನಾಟಕ

ಹೆಗ್ಗೋಡಿನಲ್ಲಿ ಮಳೆ ಹಿಡಿದು ಸುರಿಯುವ ದಿನಗಳಲ್ಲೇ ನೀನಾಸಮ್ ತಿರುಗಾಟದ ತಾಲೀಮು ನಡೆಯುತ್ತದೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ನಾಟಕಗಳು ಸಿದ್ಧವಾಗಿರುತ್ತವೆ. ಮೊದಲ ಪ್ರದರ್ಶನ ಊರಿನಲ್ಲೇ ಆಗುತ್ತದೆ. ಆಮೇಲೆ ತಂಡ ರಂಗಸಜ್ಜಿಕೆ, ದೀಪ, ಉಡುಪುಗಳ ಸಮೇತ ಊರೂರಿಗೆ ಹೊರಡುತ್ತದೆ. ಕೆ.ವಿ. ಸುಬ್ಬಣ್ಣನವರ ನೀನಾಸಮ್ 1985ರಲ್ಲಿ ಶುರುಮಾಡಿದ ಈ ಕ್ರಮಕ್ಕೆ ಈಗ ನಾಲ್ಕು ದಶಕ. 1997ರಲ್ಲಿ ಹುಟ್ಟಿದ ಸಾಣೇಹಳ್ಳಿಯ ಶಿವಸಂಚಾರದ್ದೂ ಇದೇ ಜಾಡು: ನವೆಂಬರ್ ಹೊತ್ತಿನ ನಾಟಕೋತ್ಸವ, ಅದರ ಬೆನ್ನಿಗೇ ನಾಡಿನುದ್ದಕ್ಕೂ ಪ್ರವಾಸ.

ಕಾಲೇಜಿನ ಹುಡುಗ ಹುಡುಗಿಯರು ಸೇರಿ ಕಟ್ಟಿಕೊಂಡ ತಂಡ ಇಡೀ ದಿನ ನಾಟಕಕ್ಕೇ ಮೀಸಲಾಗಿರಲು ಆಗದು. ಅವರ ಕೈಯಲ್ಲಿರುವುದು ಸಂಜೆಯ ಎರಡು ತಾಸು, ಭಾನುವಾರ, ದಸರೆಯ ರಜೆ. ಅಷ್ಟರಲ್ಲೇ ವರ್ಷಕ್ಕೆ ಮೂರು ನಾಟಕಗಳ ಹಂಗಾಮೊಂದನ್ನು ಅಚ್ಚುಕಟ್ಟಾಗಿ ನಡೆಸಬಹುದು. ಆದರೆ ಮೂರರಲ್ಲಿ ಹಾಡಿನ ನಾಟಕ ಯಾವುದು ಎನ್ನುವುದು ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕು. ಮಿಕ್ಕ ಎರಡರ ದಿನ, ದುಡ್ಡು, ಜನ ಎಲ್ಲವೂ ಅದರ ಸುತ್ತ ಕೂರಬೇಕು. ಮಾತಿನ ನಾಟಕ ಆರು ವಾರದಲ್ಲಿ ಎದ್ದು ನಿಲ್ಲುತ್ತದೆ. ಹಾಡಿನ ನಾಟಕಕ್ಕೆ ಹತ್ತು ವಾರವಾದರೂ ಬೇಕು. ಹಲವು ತಂಡಗಳು ಎಡವುವುದು ಇಲ್ಲಿಯೇ: ಮಾತೆಲ್ಲ ಬಾಯಿಪಾಠವಾದ ಮೇಲೆ, ಪ್ರದರ್ಶನಕ್ಕೆ ಹದಿನೈದು ದಿನ ಇರುವಾಗ, ಸಂಗೀತದವರನ್ನು ಹುಡುಕಲು ಹೊರಡುತ್ತವೆ.

ಪಂಚಾಂಗವನ್ನು ಹಿಂದಿನಿಂದ ಓದಿ

ಮೊದಲ ಕೆಲಸ ನಾಟಕ ಆರಿಸುವುದಲ್ಲ, ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ ಮೇಜಿನ ಮೇಲೆ ಹರಡುವುದು. ಫೆಬ್ರುವರಿಯಿಂದಾಚೆ ಪಿಯುಸಿ, ಎಸ್ಸೆಸ್ಸೆಲ್ಸಿ ಮಕ್ಕಳು ತಂಡಕ್ಕೆ ಸಿಗುವುದಿಲ್ಲ. ಹಾಗಾಗಿ ಹಂಗಾಮಿನ ಕೊನೆಯ ಪ್ರದರ್ಶನ ಜನವರಿಯೊಳಗೆ ಮುಗಿಯಬೇಕು. ಪದವಿಯವರ ಸೆಮಿಸ್ಟರ್ ಪರೀಕ್ಷೆಯ ದಿನಗಳನ್ನು ಕಾಲೇಜು ಕಾಲೇಜಿಗೂ ಕೇಳಿ ಕೆಂಪು ಶಾಯಿಯಲ್ಲಿ ಗುರುತಿಸಿ. ಗಣೇಶೋತ್ಸವದ ವಾರಗಳನ್ನೂ ಗುರುತಿಸಿ. ಆಗ ತಬಲದವರು, ಕೀಬೋರ್ಡಿನವರು, ಧ್ವನಿವರ್ಧಕದವರು ಎಲ್ಲರೂ ಪೆಂಡಾಲುಗಳಲ್ಲಿ ಇರುತ್ತಾರೆ. ರಾಜ್ಯೋತ್ಸವದ ನವೆಂಬರ್‌ನಲ್ಲೂ ಅದೇ ಪಾಡು.

ಹೀಗೆ ಕಳೆದು ಉಳಿದ ದಿನಗಳಲ್ಲಿ ಜೋಡಣೆ ತಾನಾಗಿಯೇ ಕಾಣುತ್ತದೆ. ಜೂನ್ ಮಧ್ಯದಿಂದ ಹಾಡಿನ ನಾಟಕದ ತಾಲೀಮು, ದಸರೆಯ ಆಸುಪಾಸಿನಲ್ಲಿ ಅದರ ಮೊದಲ ಪ್ರದರ್ಶನ. ಗಣೇಶನ ಹಬ್ಬದ ವಾರ ಹಾಡು ನಿಂತರೂ ದೃಶ್ಯಗಳ ತಾಲೀಮು ಸಾಗಬಹುದು. ಅಕ್ಟೋಬರ್ ಕೊನೆಯಿಂದ ಮಾತಿನ ನಾಟಕ ಹಿಡಿದರೆ ಡಿಸೆಂಬರ್‌ಗೆ ಅದು ಸಿದ್ಧ. ಮಕ್ಕಳಿಗಾಗಿ ಆಡುವ ಚಿಕ್ಕ ನಾಟಕವನ್ನು ಶಾಲೆಗಳ ವಾರ್ಷಿಕೋತ್ಸವದ ಕಾಲಕ್ಕೆ, ಡಿಸೆಂಬರ್–ಜನವರಿಗೆ, ಇಟ್ಟುಕೊಳ್ಳುವುದು ಒಳ್ಳೆಯದು. ಶಾಲೆಗಳೇ ಕರೆಯುತ್ತವೆ, ರಂಗಮಂದಿರದ ಬಾಡಿಗೆ ಉಳಿಯುತ್ತದೆ.

ಯಾವ ನಾಟಕ, ಯಾರ ಅನುಮತಿ

ಕನ್ನಡದಲ್ಲಿ ಹಾಡಿನ ನಾಟಕಕ್ಕೆ ಬರವಿಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಕಾಲದಲ್ಲಿ ಹಾಡಿಲ್ಲದೆ ನಾಟಕವೇ ಇರಲಿಲ್ಲ. ಆಧುನಿಕ ರಂಗಭೂಮಿಗೆ ಆ ಹಾಡನ್ನು ಹೊಸ ರೀತಿಯಲ್ಲಿ ಮರಳಿ ತಂದವರು ಬಿ.ವಿ. ಕಾರಂತರು. ಜಡಭರತರ ‘ಸತ್ತವರ ನೆರಳು’ ನಾಟಕಕ್ಕೆ ಅವರು ದಾಸರ ಪದಗಳನ್ನು ಬೆಸೆದದ್ದನ್ನು, ಕಂಬಾರರ ‘ಜೋಕುಮಾರಸ್ವಾಮಿ’ಗೆ, ಕಾರ್ನಾಡರ ‘ಹಯವದನ’ಕ್ಕೆ ಕೊಟ್ಟ ಸಂಗೀತವನ್ನು ಹಳಬರು ಇವತ್ತಿಗೂ ಗುನುಗುತ್ತಾರೆ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವಂತೂ ಗೇಯನಾಟಕವೆಂದೇ ಬರೆದದ್ದು. ಆದರೆ ಪಳಗಿದ ಕಂಠಗಳಿಲ್ಲದ ತಂಡ ಅದಕ್ಕೆ ಕೈಹಾಕದಿರುವುದೇ ಲೇಸು.

ಮೊದಲ ಹಂಗಾಮಿಗೆ ಇಳಿಯುವ ತಂಡಕ್ಕೆ ಮೇಳದ ಹಾಡು ಹೆಚ್ಚಿರುವ, ಒಬ್ಬೊಬ್ಬರೇ ಹಾಡುವ ಭಾರ ಕಡಿಮೆ ಇರುವ ಕೃತಿ ಹಿತ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಅಷ್ಟೊಂದು ತಂಡಗಳು ರಂಗಕ್ಕೆ ತಂದಿರುವುದು ಸುಮ್ಮನೆ ಅಲ್ಲ. ಇಲಿಗಳ ಹಿಂಡು, ಊರಿನವರ ಹಿಂಡು, ಮಕ್ಕಳ ಹಿಂಡು ಎಂದು ಅದರಲ್ಲಿ ಮೂವತ್ತು ಜನರಿಗೂ ಕೆಲಸವಿದೆ. ಮಕ್ಕಳ ನಾಟಕಕ್ಕೆ ವೈದೇಹಿಯವರ ‘ನಾಯಿಮರಿ ನಾಟಕ’, ‘ಗೊಂಬೆ ಮ್ಯಾಕ್‌ಬೆತ್’ ಇವೆ. ಟ್ಯಾಗೋರರ ಗಿಳಿಯ ಕತೆಯಿಂದ ಕಾರಂತರು ಮಾಡಿಕೊಂಡ ‘ಪಂಜರಶಾಲೆ’ ಇದೆ. ಮಾತಿನ ನಾಟಕ ಬೇಕೆಂದರೆ ಕೈಲಾಸಂ ಇದ್ದೇ ಇದ್ದಾರೆ.

ಕೈಲಾಸಂ ಹೆಸರು ಇನ್ನೊಂದು ಕಾರಣಕ್ಕೂ ಮುಖ್ಯ. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಅವರ ವಾರಸುದಾರರದ್ದು. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಹಾಗಾಗಿ ‘ಟೊಳ್ಳುಗಟ್ಟಿ’ಯನ್ನು ಆಡಲು ಈಗ ಯಾರ ಅಪ್ಪಣೆಯೂ ಬೇಡ. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೆ, 2019ರಲ್ಲಿ ನಿಧನರಾದ ಗಿರೀಶ ಕಾರ್ನಾಡರದ್ದು 2079ರ ಕೊನೆಯವರೆಗೆ ಇರುತ್ತದೆ. ಷೇಕ್ಸ್‌ಪಿಯರ್ ಎಲ್ಲರ ಸ್ವತ್ತು ನಿಜ, ಆದರೆ ಅವನ ಕನ್ನಡ ಅನುವಾದ ಅನುವಾದಕರದ್ದು. ‘ದಿ ಟೆಂಪೆಸ್ಟ್’ ಆಡಲು ಅನುಮತಿ ಬೇಡ, ಕುವೆಂಪು ಅವರ ‘ಬಿರುಗಾಳಿ’ಗೆ ಬೇಕು. ಈ ಸೂಕ್ಷ್ಮ ತಿಳಿಯದೆ ಭಿತ್ತಿಪತ್ರ ಅಚ್ಚಾದ ಮೇಲೆ ಪೇಚಿಗೆ ಸಿಲುಕುವುದುಂಟು.

ಕಾಯ್ದೆಯಲ್ಲಿ ಎರಡು ರಿಯಾಯಿತಿಗಳಿವೆ. ಹವ್ಯಾಸಿ ಸಂಘ ಪ್ರೇಕ್ಷಕರಿಂದ ದುಡ್ಡು ಪಡೆಯದೆ ಆಡುವ ಪ್ರದರ್ಶನ ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಶಾಲೆ–ಕಾಲೇಜಿನವರು ತಮ್ಮ ಚಟುವಟಿಕೆಯ ಭಾಗವಾಗಿ, ಅಧ್ಯಾಪಕರು, ವಿದ್ಯಾರ್ಥಿಗಳು, ಪೋಷಕರ ಎದುರಷ್ಟೇ ಆಡಿದರೂ ಹಾಗೆಯೇ. ಟಿಕೆಟ್ ಇಟ್ಟ ಕ್ಷಣ ಈ ರಕ್ಷಣೆ ಹೋಗುತ್ತದೆ. ಟಿಕೆಟ್ ಇರಲಿ, ಇಲ್ಲದಿರಲಿ, ಲೇಖಕರಿಗೆ ಅಥವಾ ಅವರ ಮನೆಯವರಿಗೆ ಒಂದು ಕಾಗದ ಬರೆದು ಒಪ್ಪಿಗೆ ಪಡೆಯುವುದು ಮರ್ಯಾದೆ. ವಿಳಾಸಕ್ಕೆ ಪ್ರಕಾಶಕರನ್ನು ಕೇಳಿ. ಕಾಗದದಲ್ಲಿ ಎಷ್ಟು ಪ್ರದರ್ಶನ, ಎಲ್ಲಿ, ಟಿಕೆಟ್ ಎಷ್ಟು, ಗೌರವಧನ ಎಷ್ಟು ಕೊಡಬಲ್ಲೆವು ಎಂಬುದು ಸ್ಪಷ್ಟವಾಗಿರಲಿ. ಹಾಡಿಗೆ ಬೇರೊಬ್ಬರು ರಾಗ ಹಾಕಿದ್ದರೆ ಆ ಸಂಗೀತಕ್ಕೆ ಬೇರೆಯೇ ಅನುಮತಿ ಬೇಕು. ಬೆಂಗಳೂರಿನಲ್ಲಿ ಇಂಗ್ಲಿಷ್ ಮ್ಯೂಸಿಕಲ್ ಆಡಬಯಸುವ ತಂಡಗಳು ಇನ್ನೂ ಎಚ್ಚರದಿಂದಿರಬೇಕು. ಬ್ರಾಡ್‌ವೇ ನಾಟಕಗಳ ಹಕ್ಕು ಪರವಾನಗಿ ಕಂಪನಿಗಳ ಕೈಯಲ್ಲಿರುತ್ತದೆ. ಮಕ್ಕಳಿಗೆಂದೇ ಸುಮಾರು 60 ನಿಮಿಷಕ್ಕೆ ಇಳಿಸಿದ ‘ಜೂನಿಯರ್’ ಆವೃತ್ತಿಗಳಿಗೂ ಪರವಾನಗಿ ಕೊಳ್ಳಲೇಬೇಕು. ಹಾಡನ್ನು ಕನ್ನಡಕ್ಕೆ ತಿರುಗಿಸುವುದಾದರೆ ಅದಕ್ಕೂ ಲಿಖಿತ ಒಪ್ಪಿಗೆ ಬೇಕು.

ಪಾತ್ರಕ್ಕಿಂತ ಮೊದಲು ಕಂಠ

ಆಡಿಷನ್ನಿಗೆ ಬಂದವರಿಂದ ಸಂಭಾಷಣೆ ಓದಿಸುವುದು ವಾಡಿಕೆ. ಹಾಡಿನ ನಾಟಕಕ್ಕೆ ಅದು ಸಾಲದು. ಹಾರ್ಮೋನಿಯಂ ಇಟ್ಟುಕೊಂಡು ಪ್ರತಿಯೊಬ್ಬರಿಗೂ ಸಲೀಸಾಗಿ ನಿಲುಕುವ ಕೆಳಗಿನ ಸ್ವರ, ಮೇಲಿನ ಸ್ವರ ಎರಡನ್ನೂ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಗಂಡಸರು ಸಾಮಾನ್ಯವಾಗಿ ಒಂದು, ಒಂದೂವರೆ ಮನೆ ಶ್ರುತಿಯಲ್ಲಿ ಹಾಡಿದರೆ ಹೆಂಗಸರದು ಐದು, ಐದೂವರೆ ಮನೆ. ಇಬ್ಬರನ್ನೂ ಒಂದೇ ಮೇಳದಲ್ಲಿ ನಿಲ್ಲಿಸಿದಾಗ ಒಂದು ಗುಂಪು ಕಿರುಚುತ್ತದೆ, ಇಲ್ಲವೇ ಇನ್ನೊಂದು ಗುಂಪಿನ ದನಿ ಗಂಟಲಲ್ಲೇ ಉಳಿಯುತ್ತದೆ. ಇಬ್ಬರಿಗೂ ಹೊಂದುವ ನಡುವಿನ ಶ್ರುತಿ ಸಿಕ್ಕರೆ ಸರಿ. ಸಿಗದಿದ್ದರೆ ಪಲ್ಲವಿಯನ್ನು ಹುಡುಗಿಯರಿಗೆ, ಚರಣವನ್ನು ಹುಡುಗರಿಗೆ ಹಂಚಿಬಿಡಿ.

ಹನ್ನೆರಡರಿಂದ ಹದಿನಾರರ ಹುಡುಗರದು ದನಿ ಒಡೆಯುವ ವಯಸ್ಸು. ಜೂನ್‌ನಲ್ಲಿ ಚೆಂದವಾಗಿ ಮೇಲೇರುತ್ತಿದ್ದ ಕಂಠ ಅಕ್ಟೋಬರ್ ಹೊತ್ತಿಗೆ ಬೇರೆಯೇ ಆಗಿರಬಹುದು. ಅಂಥವರಿಗೆ ಒಬ್ಬರೇ ಹಾಡುವ ಪಾತ್ರ ಕೊಡುವಾಗ ಜೊತೆಗೆ ಇನ್ನೊಬ್ಬರನ್ನೂ ತಯಾರು ಮಾಡಬೇಕು. ಒಡೆದ ದನಿಯಲ್ಲಿ ಬಲವಂತವಾಗಿ ಹಾಡಿಸಿದರೆ ಗಂಟಲಿಗೆ ಪೆಟ್ಟು. ಎಲ್ಲರೆದುರು ಆ ಹುಡುಗನ ಮನಸ್ಸಿಗೆ ಬೀಳುವ ಪೆಟ್ಟು ಇನ್ನೂ ದೊಡ್ಡದು. ಮುಖ್ಯ ಪಾತ್ರಗಳಿಗೆ ಇಬ್ಬಿಬ್ಬರನ್ನು ಹಾಕಿ ಪ್ರದರ್ಶನ ಬಿಟ್ಟು ಪ್ರದರ್ಶನ ಆಡಿಸುವುದು ಯುವ ತಂಡಕ್ಕೆ ಎಲ್ಲ ರೀತಿಯಿಂದಲೂ ಅನುಕೂಲ. ಜ್ವರ, ಪರೀಕ್ಷೆ, ಅಕ್ಕನ ಮದುವೆ ಯಾವುದಕ್ಕೂ ನಾಟಕ ನಿಲ್ಲುವುದಿಲ್ಲ.

ಹದಿನೆಂಟು ತುಂಬದವರಿದ್ದರೆ ಪೋಷಕರ ಲಿಖಿತ ಒಪ್ಪಿಗೆ, ತಾಲೀಮಿನ ಜಾಗದಲ್ಲಿ ಜವಾಬ್ದಾರಿಯುತ ಹಿರಿಯರೊಬ್ಬರು, ರಾತ್ರಿ ಮನೆ ಮುಟ್ಟಿಸುವ ವ್ಯವಸ್ಥೆ ಇವು ಮೂರೂ ಕಡ್ಡಾಯ. ಬಾಲ ಕಲಾವಿದರ ಬಗೆಗಿನ ಕೇಂದ್ರ ನಿಯಮ ಮಗುವಿನಿಂದ ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಕೂಡದು ಎನ್ನುತ್ತದೆ. ಹವ್ಯಾಸಿ ತಂಡವೂ ಅದನ್ನೇ ತನ್ನ ಮಿತಿ ಎಂದುಕೊಳ್ಳಲಿ.

ಹತ್ತು ವಾರದ ತಾಲೀಮು

ಮೊದಲ ವಾರ ಎಲ್ಲರೂ ಸುತ್ತ ಕೂತು ನಾಟಕ ಓದುವುದು. ಎರಡನೆಯ ವಾರದಿಂದ ನಾಲ್ಕನೆಯ ವಾರದವರೆಗೆ ಬರೀ ಹಾಡು: ನೆಲದ ಮೇಲೆ ಕೂತು, ತಾಳ ಹಾಕಿಕೊಂಡು, ಕಾಗದ ನೋಡದೆ ಬರುವವರೆಗೆ. ಈ ಮೂರು ವಾರ ನಿರ್ದೇಶಕರಿಗೆ ತಳಮಳವಾಗುತ್ತದೆ, ಏನೂ ಮುಂದೆ ಹೋಗುತ್ತಿಲ್ಲ ಅನಿಸುತ್ತದೆ. ತಾಳ್ಮೆಗೆಡಬಾರದು. ಐದನೆಯ ವಾರ ನಟರು ಎದ್ದು ನಿಂತಾಗ ಹಾಡು ಬಾಯಲ್ಲಿರುತ್ತದೆ, ಕೈಕಾಲು ನಿರ್ದೇಶಕರಿಗೆ ಸಿಗುತ್ತವೆ. ಓಡುತ್ತ, ಕುಣಿಯುತ್ತ ಹಾಡಬೇಕಾದ ಸಾಲುಗಳಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂದು ಆಗಲೇ ಗುರುತು ಮಾಡಿಕೊಳ್ಳಬೇಕು. ಎಂಟನೆಯ ವಾರ ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ಓಡಿಸಿ ಗಡಿಯಾರ ನೋಡಿ. ಒಂದೂವರೆ ತಾಸಿಗಿಂತ ಹೆಚ್ಚಿದ್ದರೆ ಕತ್ತರಿ ಹಾಕಲು ಇನ್ನೂ ಸಮಯವಿದೆ. ಕೊನೆಯ ಎರಡು ವಾರ ಉಡುಪು, ಪರಿಕರ, ಬೆಳಕು, ಕೊನೆಗೆ ಗ್ರ್ಯಾಂಡ್ ರಿಹರ್ಸಲ್.

ಧ್ವನಿಮುದ್ರಿತ ಟ್ರ್ಯಾಕ್ ಹಾಕಿ ಹಾಡಿಸುವುದು ಸುಲಭ ಎಂದು ಅನೇಕರು ಆ ದಾರಿ ಹಿಡಿಯುತ್ತಾರೆ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ನಟಿಯೊಬ್ಬಳು ಒಂದು ಹೆಜ್ಜೆ ತಡವಾಗಿ ಬಂದರೆ ಹಾಡು ಅವಳನ್ನು ಬಿಟ್ಟು ಹೋಗಿರುತ್ತದೆ. ಹಾರ್ಮೋನಿಯಂ ನುಡಿಸುವವರಿದ್ದರೆ ಇನ್ನೊಂದು ಆವರ್ತ ತಿರುಗಿಸಿ ಕಾಯುತ್ತಾರೆ. ಹಾರ್ಮೋನಿಯಂ, ಒಂದು ತಾಳವಾದ್ಯ, ಎರಡು ಗೆಜ್ಜೆಗೊಂಚಲು ಇಷ್ಟರಲ್ಲೇ ಒಳ್ಳೆಯ ರಂಗಸಂಗೀತ ಸಾಧ್ಯ. ವಾದ್ಯವೇ ಅಲ್ಲದ ವಸ್ತುಗಳಿಂದಲೂ ಕಾರಂತರು ನಾದ ಹೊರಡಿಸುತ್ತಿದ್ದರು. ಚಲನಚಿತ್ರದ ಧ್ವನಿಮುದ್ರಿಕೆ ಬಳಸಿದರೆ ಪರವಾನಗಿ ಶುಲ್ಕವೂ ಬೀಳುತ್ತದೆ ಎಂಬುದು ನೆನಪಿರಲಿ.

ರಂಗಮಂದಿರ ಮತ್ತು ಲೆಕ್ಕ

ರಂಗಮಂದಿರ ಕಾಯ್ದಿರಿಸುವ ಮೊದಲು ನಿರ್ದೇಶಕರು, ಬೆಳಕಿನವರು ಇಬ್ಬರೂ ಹೋಗಿ ಖಾಲಿ ರಂಗದ ಮೇಲೆ ನಿಂತು ಬರಬೇಕು. 1963ರಲ್ಲಿ ತೆರೆದ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಪ್ರೇಕ್ಷಕರು ಎದುರಿಗಷ್ಟೇ ಇರುತ್ತಾರೆ. 2004ರಲ್ಲಿ ಶುರುವಾದ ರಂಗಶಂಕರದಲ್ಲಿ ರಂಗ ಮುಂದಕ್ಕೆ ಚಾಚಿದೆ, ಮೂರು ಕಡೆಯಿಂದ ಜನ ನೋಡುತ್ತಾರೆ. ಮೊದಲನೆಯದರಲ್ಲಿ ಸಾಲಾಗಿ ನಿಂತು ಹಾಡಿದ ಮೇಳ ಎರಡನೆಯದರಲ್ಲಿ ಹಾಗೆಯೇ ನಿಂತರೆ ಪಕ್ಕದಲ್ಲಿ ಕೂತವರಿಗೆ ಒಬ್ಬನ ಭುಜವಷ್ಟೇ ಕಾಣುತ್ತದೆ. ಕಲಾಕ್ಷೇತ್ರದ ಹಿಂಬದಿಯ ಸಂಸ ಬಯಲು ರಂಗಮಂದಿರದಲ್ಲಾದರೆ ಗಾಳಿ ದನಿಯನ್ನು ಹೊತ್ತುಕೊಂಡು ಹೋಗುತ್ತದೆ, ಮೈಕಿನ ಏರ್ಪಾಡೇ ಬೇರೆ.

ಹಣದ ವಿಷಯದಲ್ಲಿ ಧಾರಾಳ ಊಹೆ ಬೇಡ. 300 ಆಸನಗಳ ರಂಗಮಂದಿರದಲ್ಲಿ ಟಿಕೆಟ್ 100 ರೂಪಾಯಿ ಎಂದಿಟ್ಟುಕೊಂಡು, ಅರ್ಧ ತುಂಬಿದರೆ ಬರುವ 15,000 ರೂಪಾಯಿಯನ್ನೇ ಆದಾಯವೆಂದು ಬರೆಯಿರಿ. ಬಾಡಿಗೆ, ಬೆಳಕು, ವಾದ್ಯದವರು, ಪ್ರಸಾಧನ, ಸಾಗಣೆ, ಊಟ, ಲೇಖಕರ ಗೌರವಧನ ಇಷ್ಟೂ ಅದರೊಳಗೆ ಮುಗಿಯದಿದ್ದರೆ ಸಜ್ಜಿಕೆ ಕಿರಿದಾಗಬೇಕು. ಮೂರೂ ನಾಟಕಕ್ಕೆ ಒಂದೇ ಜೊತೆ ಕಿರುವೇದಿಕೆಗಳು, ಏಣಿಗಳು, ಕಪ್ಪು ಪರದೆ ಸಾಕಾಗುವಂತೆ ವಿನ್ಯಾಸ ಮಾಡುವುದು ಸೋಲಲ್ಲ. ಊರೂರು ತಿರುಗಬೇಕಾದ ತಂಡಕ್ಕೆ ಅದೇ ಜಾಣತನ. ಮೂರೂ ನಾಟಕಕ್ಕೆ ಸೇರಿ ಹಂಗಾಮಿನ ಟಿಕೆಟ್ ಒಂದನ್ನು ಸ್ವಲ್ಪ ಕಡಿಮೆ ಬೆಲೆಗೆ ಮಾರಿದರೆ ಸೆಪ್ಟೆಂಬರ್‌ನಲ್ಲೇ ಕೈಗೆ ದುಡ್ಡು ಬರುತ್ತದೆ.

ಸರ್ಕಾರದ ನೆರವಿಗೆ ಅರ್ಜಿ ಹಾಕುವ ಉದ್ದೇಶವಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ತಂಡವನ್ನು ನೋಂದಾಯಿಸಿಕೊಳ್ಳಿ. ಅದಕ್ಕೆ ಕನಿಷ್ಠ ಏಳು ಸದಸ್ಯರು ಬೇಕು. ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಲಿ, ಒಬ್ಬರ ಸ್ವಂತ ಖಾತೆಯಲ್ಲಿ ತಂಡದ ದುಡ್ಡು ಬೇಡ. ಸ್ನೇಹಿತರು ದೂರವಾಗುವುದು ಇಂಥ ಲೆಕ್ಕದಲ್ಲೇ.

ಪ್ರದರ್ಶನದ ದಿನ ಹೇಳಿದ ಗಂಟೆಗೆ ಸರಿಯಾಗಿ ತೆರೆ ಏಳಬೇಕು. ತಡವಾಗಿ ಬಂದವರಿಗೆ ರಂಗಶಂಕರದಲ್ಲಿ ಬಾಗಿಲು ತೆರೆಯುವುದಿಲ್ಲ. ಆ ಶಿಸ್ತಿಗೆ ಬೆಂಗಳೂರಿನ ಪ್ರೇಕ್ಷಕರು ಹೊಂದಿಕೊಂಡಿದ್ದಾರೆ, ಬೇರೆ ಊರಿನವರೂ ಹೊಂದಿಕೊಳ್ಳುತ್ತಾರೆ. ನಟರು ಮೂರು ತಾಸು ಮುಂಚೆ ಸೇರಿ, ಬಣ್ಣ ಹಚ್ಚುವ ಮೊದಲು ಒಂದು ಸಲ ಮೇಳದ ಹಾಡುಗಳನ್ನು ರಂಗದ ಮೇಲೇ ಹಾಡಿ ನೋಡಲಿ. ಆಟ ಮುಗಿದ ಮೇಲೆ ಚಪ್ಪಾಳೆ, ಫೋಟೊಗಳ ನಡುವೆ ಮರೆತುಹೋಗುವ ಕೆಲಸವೊಂದಿದೆ. ಬೆವರಿದ ಉಡುಪು ಅದೇ ರಾತ್ರಿ ಒಗೆಯಲು ಹೋಗಬೇಕು, ಪರಿಕರಗಳು ಎಣಿಸಿ ಟ್ರಂಕಿಗೆ ಸೇರಬೇಕು. ಟ್ರಂಕಿನ ಮುಚ್ಚಳದ ಒಳಬದಿಗೆ ಪರಿಕರಗಳ ಪಟ್ಟಿ ಅಂಟಿಸಿಟ್ಟರೆ, ಮುಂದಿನ ಊರಿನಲ್ಲಿ ಅದನ್ನು ತೆರೆಯುವವರು ಯಾರೇ ಆಗಿರಲಿ, ಕಿಂದರಿಜೋಗಿಯ ಕಿಂದರಿ ಎಲ್ಲಿ ಎಂದು ತೆರೆ ಏಳುವ ಹೊತ್ತಿನಲ್ಲಿ ಹುಡುಕಬೇಕಾಗುವುದಿಲ್ಲ.